ಪಿಯೆರ್ ಆಂದ್ರೆ ಲಾತ್ರೇಯ್

ಪಿಯೆರ್ ಆಂದ್ರೆ ಲಾತ್ರೇಯ್ (29 ನವೆಂಬರ್ 1762 – 6 ಫೆಬ್ರವರಿ 1833) ಫ್ರಾನ್ಸಿನ ಪ್ರಾಣಿವಿಜ್ಞಾನಿ. ಕೀಟ, ಜೇಡ, ಏಡಿ, ಸೀಗಡಿ ಮೊದಲಾದ ಸಂಧಿಪದಿಗಳ ವರ್ಗೀಕರಣಕ್ಕೆ ಭದ್ರವಾದ ತಳಹದಿ ಹಾಕಿದವನು. ಕೀಟಗಳನ್ನು ಗಣ ಮತ್ತು ಕುಲಗಳ ನಡುವೆ ಕುಟುಂಬಗಳಾಗಿ ವಿಂಗಡಿಸುವ ಪದ್ಧತಿಯನ್ನು ಕ್ರಮಬದ್ಧವಾಗಿ ಬಳಕೆಗೆ ತಂದ ಕೀರ್ತಿ ಈತನದು. ಇರುವೆ, ಜೇನುಹುಳು, ಗುಲಗಂಜಿ ಹುಳು, ಸೊಂಡಿಲು ಕೀಟ, ಸೆಗಣಿ ಹುಳು ಇವುಗಳ ಕುಟುಂಬಗಳ ವೈಜ್ಞಾನಿಕ ಹೆಸರುಗಳ ಮುಂದೆ ಇಂದಿಗೂ ಲಾತ್ರೇಯ್‌ನ ಹೆಸರೇ ಕಾಣಿಸುತ್ತದೆ. ಮರದ ಅಣಬೆಗಳೊಳಗೆ ಬದುಕುವ ಸಣ್ಣ ಜೀರುಂಡೆಗಳ ಕುಟುಂಬವಾದ ಸಿಯಿಡೀಗೆ ಆಧಾರವಾದ ಸಿಸ್ ಎಂಬ ಕುಲವನ್ನು ಸ್ಥಾಪಿಸಿದವನೂ ಈತನೇ. ಫ್ರೆಂಚ್ ಕ್ರಾಂತಿಯ ಕಾಲದಲ್ಲಿ ಸೆರೆಯಲ್ಲಿದ್ದ ಈತನ ಪ್ರಾಣವನ್ನು ಒಂದು ಜೀರುಂಡೆ ಉಳಿಸಿತೆಂಬ ಸಂಗತಿ ವಿಜ್ಞಾನದ ಇತಿಹಾಸದಲ್ಲಿ ಪ್ರಸಿದ್ಧವಾಗಿದೆ.

ಜನನ ಮತ್ತು ಬಾಲ್ಯ

ಲಾತ್ರೇಯ್ ಹುಟ್ಟಿದ್ದು ಫ್ರಾನ್ಸಿನ ನೈಋತ್ಯಕ್ಕಿರುವ ಲಿಮೂಸಾಂ ಪ್ರಾಂತದ ಬ್ರೀವ್ ಪಟ್ಟಣದಲ್ಲಿ. ತಂದೆ ಬ್ಯಾರನ್ ದೆಸ್ಪಾನ್ಯಾಕ್ ಎಂಬ ಸೇನಾನಿ. ವಿವಾಹದ ಹೊರಗೆ ಹುಟ್ಟಿದ ಈ ಮಗುವನ್ನು ತಂದೆ ತನ್ನದೆಂದು ಎಂದೂ ಒಪ್ಪಿಕೊಳ್ಳಲಿಲ್ಲ. ತಾಯಿ ಹುಟ್ಟಿದೊಡನೆಯೇ ತೊರೆದಳು. ಆದ್ದರಿಂದ ಮಗುವಿಗೆ ಮನೆತನದ ಹೆಸರೆಂಬುದೇ ಇರಲಿಲ್ಲ. ಲಾತ್ರೇಯ್ ಎಂಬುದು ಹೇಗೋ ಅಂಟಿಕೊಂಡ ಅಡ್ಡಹೆಸರು. ಅದು ಈತನ ಅಧಿಕೃತ ಹೆಸರಾದದ್ದು 1813ರಲ್ಲಿ, ಎಂದರೆ ಯುರೋಪಿನ ಕೀಟವಿಜ್ಞಾನಿಗಳೆಲ್ಲರೂ ಆ ಹೆಸರನ್ನು ಗೌರವದಿಂದ ಉಚ್ಚರಿಸತೊಡಗಿ ಎಷ್ಟೋ ವರ್ಷಗಳಾದ ಮೇಲೆ. ಸಾವಿರಾರು ಜೀವಿಗಳನ್ನು ಅವುಗಳ ಕುಟುಂಬಕ್ಕೆ ಸೇರಿಸಿ ಹೆಸರಿಟ್ಟವನಿಗೆ ಸ್ವಂತ ಕುಟುಂಬದ ಹೆಸರು ಐವತ್ತರ ವಯಸ್ಸಿನವರೆಗೆ ದೊರೆಯಲಿಲ್ಲ.

ಅನಾಥನಾದರೂ ಬಾಲಕನಿಗೆ ಆಶ್ರಯದಾತರು ದೊರೆತರು. ಮೊದಲು ಊರಿನ ಒಬ್ಬ ವೈದ್ಯ, ಆಮೇಲೆ ಒಬ್ಬ ವ್ಯಾಪಾರಿ ಈತನನ್ನು ಸಾಕಿ ಓದಿಸಿದರು. 1778ರಲ್ಲಿ, ಹದಿನಾರರ ಪ್ರಾಯದಲ್ಲಿ, ತಂದೆಯ ಮನೆತನದವರೇ ಈತನನ್ನು ಪ್ಯಾರಿಸಿಗೆ ಕರೆಸಿಕೊಂಡು ಕಾರ್ಡಿನಲ್ ಲೆಮ್ವಾನ್ ಕಾಲೇಜಿಗೆ ಸೇರಿಸಿದರು. ಆ ಕಾಲದಲ್ಲಿ ಕುಲಗೋತ್ರವಿಲ್ಲದ ಬುದ್ಧಿವಂತ ಹುಡುಗನಿಗೆ ತೆರೆದಿದ್ದ ದಾರಿಗಳು ಬಹಳವಿರಲಿಲ್ಲ. ಅವುಗಳಲ್ಲಿ ಚರ್ಚಿನ ಸೇವೆ ಒಂದು.

ವಿದ್ಯಾಭ್ಯಾಸ

ಕಾರ್ಡಿನಲ್ ಲೆಮ್ವಾನ್ ಕಾಲೇಜಿನಲ್ಲಿ ಆಗ ರೆನೆ ಝುಸ್ತ್ ಆವಿ ಅಧ್ಯಾಪಕನಾಗಿದ್ದ. ಸ್ಫಟಿಕ ವಿಜ್ಞಾನದ ಸ್ಥಾಪಕನೆಂದು ಮುಂದೆ ಹೆಸರಾದ ಈತ ಲಾತ್ರೇಯ್‌ಗೆ ಕಲಿಸಿದ್ದು ಸಸ್ಯಶಾಸ್ತ್ರವನ್ನು. ಆವಿಯ ಮೂಲಕ ಲಾಮಾರ್ಕನ ಪರಿಚಯವಾಯಿತು. ಬ್ಯುಫೋನನ ಆಡಳಿತದಲ್ಲಿದ್ದ ರಾಜೋದ್ಯಾನದಲ್ಲಿ ಸುತ್ತಾಡುವುದು, ಬಿಡುವಿನ ದಿನಗಳಲ್ಲಿ ಪ್ಯಾರಿಸಿನ ಹೊರವಲಯದ ಹೊಲಗಳಲ್ಲಿ ಕೀಟಗಳನ್ನು ಹಿಡಿಯುವುದು ವಿದ್ಯಾರ್ಥಿಯ ಅಭ್ಯಾಸವಾಯಿತು.

1780ರಲ್ಲಿ ಲಿಮೋಜ್ ನಗರದ ಗುರುವಿದ್ಯಾಲಯವನ್ನು ಸೇರಿದ ಲಾತ್ರೇಯ್ 1786ರಲ್ಲಿ ಡೀಕನ್ ಪದವಿಯೊಡನೆ ಹೊರಬಂದ. ಧರ್ಮೋಪದೇಶ ಮಾಡುವ ಅಧಿಕಾರ ದೊರೆತಿದ್ದರೂ ಪಾದ್ರಿಯ ಕೆಲಸವನ್ನು ತಾನು ಎಂದೂ ನಿರ್ವಹಿಸಲಿಲ್ಲವೆಂದು ಈತ ಮುಂದೆ ಹೇಳಿಕೊಂಡಿದ್ದಾನೆ. ಆದರೆ ಕೆಲವು ವರ್ಷಗಳ ಕಾಲ ತನ್ನ ಪತ್ರಗಳಿಗೆ ಅಬ್ಬೆ ಲಾತ್ರೇಯ್ ಎಂದೇ ಸಹಿ ಹಾಕುತ್ತಿದ್ದ. ಈ ಉಪಾಧಿಯೇ ಮುಂದೆ ಕುತ್ತಿಗೆಗೆ ಬಂತು.

ಬ್ರೀವ್‌ಗೆ ಮರಳಿ ಎರಡು ವರ್ಷ ಕೀಟಸಂಗ್ರಹದಲ್ಲೇ ಕಳೆದ ಮೇಲೆ 1788ರಲ್ಲಿ ಮತ್ತೆ ಪ್ಯಾರಿಸಿಗೆ ಬಂದ. ಮ್ಯೂಟಿಲ್ಲಾ ಕುಲದ ಕಣಜಗಳನ್ನು ಕುರಿತು ಬರೆದ ಪ್ರಬಂಧ ಪ್ಯಾರಿಸಿನ ಪ್ರಕೃತಿ ವಿಜ್ಞಾನ ಸಂಘದ ಸದಸ್ಯತ್ವವನ್ನು ತಂದುಕೊಟ್ಟಿತು. ಇವುಗಳ ಹೆಣ್ಣುಗಳಿಗೆ ರೆಕ್ಕೆಯಿಲ್ಲ; ಮೈತುಂಬ ಮಖಮಲ್ಲಿನಂಥ ರೋಮವಿರುವ ಅವು ನೋಡುವವರಿಗೆ ಇರುವೆಗಳಂತೆಯೇ ತೋರುತ್ತವೆ. ಮೇಲುನೋಟಕ್ಕೆ ಮರುಳಾಗದೆ ಅಂಗಾಂಗಗಳನ್ನು ಪರೀಕ್ಷಿಸಿ ಸಂಬಂಧವನ್ನು ನಿರ್ಣಯಿಸಬೇಕಾದ ಇಂಥ ಜೀವಿಗಳ ಕಡೆಗೇ ಲಾತ್ರೇಯ್‌ನ ಒಲವು ಮೊದಲಿನಿಂದ ಇತ್ತು.

ಸೆರೆವಾಸ ಮತ್ತು ಬಿಡುಗಡೆ

1789ರ ಕ್ರಾಂತಿಯ ಮರುವರ್ಷ ಫ್ರಾನ್ಸಿನ ಹೊಸ ಆಡಳಿತ ಚರ್ಚನ್ನು ಸರ್ಕಾರದ ಅಧೀನಕ್ಕೆ ತರುವ ಕಾಯಿದೆಯನ್ನು ಜಾರಿಗೊಳಿಸಿತು. ಅದರಂತೆ ಪಾದ್ರಿಗಳೆಲ್ಲರೂ ರಾಜ್ಯಕ್ಕೆ ನಿಷ್ಠೆಯ ಪ್ರಮಾಣ ಮಾಡಬೇಕಾಗಿತ್ತು. ಲಾತ್ರೇಯ್ ಪ್ರಮಾಣ ಮಾಡಲಿಲ್ಲ. ಪಾದ್ರಿಯ ವೃತ್ತಿಯನ್ನೇ ನಡೆಸದಿದ್ದವನು ಪಾದ್ರಿಯೆಂಬ ಕಾರಣಕ್ಕೇ 1793ರ ನವೆಂಬರಿನಲ್ಲಿ ಬಂಧಿತನಾದ. ಅದು ಕ್ರಾಂತಿಯ ಭೀಕರ ಆಳ್ವಿಕೆಯ ಕಾಲ; ಬಂಧನವೆಂದರೆ ಬಹುಮಟ್ಟಿಗೆ ಮರಣವೇ. ಪ್ರಮಾಣ ಮಾಡದ ಪಾದ್ರಿಗಳಿಗೆ ಗಿಲ್ಲೊಟೀನ್ ಇಲ್ಲವೇ ಸಮುದ್ರದಾಚೆಗೆ ಗಡೀಪಾರು ಕಾದಿರುತ್ತಿತ್ತು. ಗಡೀಪಾರಿನ ಹಡಗು ಹತ್ತಿದವರಲ್ಲಿ ಅನೇಕರು ದಡ ಕಾಣುತ್ತಿರಲಿಲ್ಲ.

ಲಾತ್ರೇಯ್‌ನನ್ನು ಬೋರ್ಡೋ ನಗರದ ಸೆರೆಮನೆಯಲ್ಲಿ ಇತರ ಪಾದ್ರಿಗಳ ಜೊತೆ ಕೂಡಿಹಾಕಲಾಗಿತ್ತು. ಒಂದು ದಿನ ಕೈದಿಗಳನ್ನು ನೋಡಲು ಬಂದ ವೈದ್ಯನಿಗೆ ವಿಚಿತ್ರ ದೃಶ್ಯವೊಂದು ಕಂಡಿತು. ಸಾವನ್ನು ಎದುರುನೋಡುತ್ತಿದ್ದವರ ನಡುವೆ ಒಬ್ಬ ಕೈದಿ ನೆಲದ ಮೇಲಿದ್ದ ಸಣ್ಣ ಹುಳುವೊಂದನ್ನು ತದೇಕಚಿತ್ತದಿಂದ ಪರೀಕ್ಷಿಸುತ್ತಿದ್ದ. ಕೇಳಿದಾಗ, ಅದು ಅಪರೂಪದ ಕೀಟವೆಂದು ಕೈದಿ ಹೇಳಿದ. ವೈದ್ಯ ಬೆರಗಾಗಿ ಆ ಕೀಟವನ್ನು ತೆಗೆದುಕೊಂಡು ಹೋಗಿ ತನಗೆ ಪರಿಚಿತನಾಗಿದ್ದ ಸ್ಥಳೀಯ ಬಾಲಕನೊಬ್ಬನಿಗೆ ತಲಪಿಸಿದ. ಹದಿನೈದು ವರ್ಷದ ಆ ಬಾಲಕ ಬೋರಿ ದ ಸಾಂ ವಿನ್ಸೆಂಟ್. ಪ್ರಕೃತಿ ವಿಜ್ಞಾನದಲ್ಲಿ ಆಸಕ್ತನಾಗಿದ್ದ ಅವನಿಗೆ ಲಾತ್ರೇಯ್‌ನ ಬರೆಹಗಳ ಪರಿಚಯವಿತ್ತು. ತನ್ನ ಬಂಧುಮಿತ್ರರ ಪ್ರಭಾವವನ್ನೆಲ್ಲ ಬಳಸಿ ಅವನು ಲಾತ್ರೇಯ್ ಮತ್ತು ಆತನ ಜೊತೆಗಾರನೊಬ್ಬನ ಬಿಡುಗಡೆಯನ್ನು ಸಾಧಿಸಿದ. ಅದೇ ಕೋಣೆಯಲ್ಲಿ ಉಳಿದವರೆಲ್ಲರೂ ಒಂದು ತಿಂಗಳೊಳಗೆ ಸತ್ತರು.

ಆ ಕೀಟದ ಹೆಸರು ನೆಕ್ರೋಬಿಯಾ ರೂಫಿಕಾಲಿಸ್. ಅರ್ಧ ಸೆಂಟಿಮೀಟರಿನಷ್ಟು ಉದ್ದದ ಜೀರುಂಡೆ. ಎದೆಭಾಗ ಮತ್ತು ಮೇಲ್ರೆಕ್ಕೆಗಳ ಬುಡ ಕೆಂಪು, ಉಳಿದ ರೆಕ್ಕೆ ಲೋಹದಂತೆ ಹೊಳೆಯುವ ನೀಲಿ. ಡೆನ್ಮಾರ್ಕಿನ ಫ್ಯಾಬ್ರಿಸಿಯಸ್ 1775ರಲ್ಲಿಯೇ ಇದನ್ನು ವರ್ಣಿಸಿದ್ದ. ಒಣಗಿದ ಮಾಂಸ, ಮೂಳೆ, ಹಳೆಯ ಶವ ಇವು ಇದರ ನೆಲೆ. ವ್ಯಾಪಾರದ ಸರಕುಗಳೊಡನೆ ಸಾಗಿ ಇಂದು ಜಗತ್ತಿನ ಬಹುಭಾಗದಲ್ಲಿ ಹರಡಿದೆ. ಕುಲನಾಮದ ಗ್ರೀಕ್ ಅರ್ಥ ಸತ್ತುದರಲ್ಲಿ ಬದುಕುವುದು ಎಂದು. ಇಂಥ ಕೀಟ ಸೆರೆಮನೆಯ ನೆಲದ ಮೇಲೆ ಹರಿದಾಡುತ್ತಿತ್ತೆಂಬುದೇ ಅಲ್ಲಿನ ಸ್ಥಿತಿಯನ್ನು ತಿಳಿಸುತ್ತದೆ. ಈ ಜೀರುಂಡೆ ಸೇರುವ ಕ್ಲೆರಿಡೀ ಕುಟುಂಬವನ್ನು 1802ರಲ್ಲಿ ಸ್ಥಾಪಿಸಿದವನು ಲಾತ್ರೇಯ್. ತನ್ನ ಪ್ರಾಣ ಉಳಿಸಿದ ಕೀಟವೆಂದು ಇದನ್ನು ಈತ ತನ್ನ ಗ್ರಂಥದಲ್ಲಿ ಕೃತಜ್ಞತೆಯಿಂದ ನೆನೆದಿದ್ದಾನೆ.

ಬಿಡುಗಡೆಗೆ ಕಾರಣನಾದ ಬೋರಿ ದ ಸಾಂ ವಿನ್ಸೆಂಟ್ ಮುಂದೆ ಸೈನಿಕನೂ ಪ್ರಸಿದ್ಧ ಪ್ರಕೃತಿ ವಿಜ್ಞಾನಿಯೂ ಆದ. ಹಿಂದೂ ಮಹಾಸಾಗರದ ದ್ವೀಪಗಳಲ್ಲಿ ಸಂಚರಿಸಿ ಗ್ರಂಥ ಬರೆದ. ಗ್ರೀಸಿಗೆ ಹೋದ ಫ್ರೆಂಚ್ ವೈಜ್ಞಾನಿಕ ತಂಡದ ನಾಯಕನಾಗಿದ್ದ. ಬಾಲ್ಯದ ಈ ಉಪಕಾರವೇ ಆತನ ಅತ್ಯಂತ ದೊಡ್ಡ ವೈಜ್ಞಾನಿಕ ಕೊಡುಗೆಯೆಂದು ಕೀಟವಿಜ್ಞಾನಿಗಳಿಗೆ ಅನ್ನಿಸಿದರೆ ಆಶ್ಚರ್ಯವಿಲ್ಲ.

1796ರ ಗ್ರಂಥ

ಬಿಡುಗಡೆಯ ಬಳಿಕ ಲಾತ್ರೇಯ್ ಅಧ್ಯಾಪಕನಾಗಿ ಹೊಟ್ಟೆಹೊರೆಯುತ್ತ ಫ್ಯಾಬ್ರಿಸಿಯಸ್ ಮೊದಲಾದವರೊಡನೆ ಪತ್ರವ್ಯವಹಾರ ನಡೆಸಿದ. ಫ್ಯಾಬ್ರಿಸಿಯಸನ ಪ್ರೋತ್ಸಾಹದಿಂದ ಕೀಟಗಳ ಕುಲಲಕ್ಷಣಗಳನ್ನು ಸಂಗ್ರಹಿಸಿ ಹೇಳುವ ಗ್ರಂಥವನ್ನು 1796ರಲ್ಲಿ ಬ್ರೀವ್‌ನಲ್ಲಿ ಸ್ವಂತ ಖರ್ಚಿನಿಂದ ಅಚ್ಚು ಹಾಕಿಸಿದ. ಪ್ರೆಸಿ ಎಂದು ಸಂಕ್ಷೇಪವಾಗಿ ಕರೆಯಲಾಗುವ ಈ ಪುಸ್ತಕ ಆಧುನಿಕ ಕೀಟವರ್ಗೀಕರಣದ ಆರಂಭಬಿಂದುಗಳಲ್ಲಿ ಒಂದು.

ಇದರ ಮಹತ್ತ್ವ ತಿಳಿಯಬೇಕಾದರೆ ಅಂದಿನ ಸ್ಥಿತಿಯನ್ನು ನೆನೆಯಬೇಕು. ಲಿನ್ನೇಯಸ್ ಕೀಟಗಳನ್ನು ಮುಖ್ಯವಾಗಿ ರೆಕ್ಕೆಗಳ ಆಧಾರದಿಂದ ಕೆಲವೇ ಗಣಗಳಾಗಿ ವಿಂಗಡಿಸಿದ್ದ. ಆತನ ಶಿಷ್ಯ ಫ್ಯಾಬ್ರಿಸಿಯಸ್ ರೆಕ್ಕೆಗಳನ್ನು ಬದಿಗಿಟ್ಟು ಬಾಯಿಯ ಅಂಗಗಳನ್ನೇ ಅಳತೆಗೋಲಾಗಿ ಹಿಡಿದ. ಎರಡು ಪದ್ಧತಿಗಳಲ್ಲಿಯೂ ಒಂದೇ ಅಂಗಕ್ಕೆ ಒತ್ತು. ಹೊಸ ಹೊಸ ಕೀಟಗಳು ಬಂದಂತೆಲ್ಲ ಕುಲಗಳ ಸಂಖ್ಯೆ ಬೆಳೆಯುತ್ತ ಹೋಗಿ, ಒಂದು ಗಣದೊಳಗೆ ಹತ್ತಾರು ಕುಲಗಳು ಸಾಲಾಗಿ ನಿಂತವೇ ಹೊರತು ಯಾವುದು ಯಾವುದಕ್ಕೆ ಹತ್ತಿರ ಎಂಬುದು ಸ್ಪಷ್ಟವಾಗುತ್ತಿರಲಿಲ್ಲ. ಲಾತ್ರೇಯ್ ರೆಕ್ಕೆ, ಬಾಯಿ, ಕುಡಿಮೀಸೆ, ಪಾದ ಎಲ್ಲವನ್ನೂ ಒಟ್ಟಿಗೆ ತೂಗಿನೋಡಿ ನಿಜವಾಗಿ ಹೋಲುವ ಕುಲಗಳನ್ನು ಕುಟುಂಬಗಳಾಗಿ ಗುಂಪುಗೂಡಿಸಿದ. ಸಸ್ಯಶಾಸ್ತ್ರದಲ್ಲಿ ಫ್ರೆಂಚರು ಆಗಲೇ ತಂದಿದ್ದ ಸಹಜ ಕುಟುಂಬಗಳ ಕಲ್ಪನೆಯನ್ನು ಕೀಟಲೋಕಕ್ಕೆ ಅನ್ವಯಿಸಿದಂತಾಯಿತು. 1796ರ ಪುಸ್ತಕದಲ್ಲಿ ಈ ಕುಟುಂಬಗಳಿಗೆ ಹೆಸರುಗಳಿಲ್ಲ, ಬರಿಯ ಸಂಖ್ಯೆಗಳಿವೆ. ಹೆಸರುಗಳು ಬಂದದ್ದು 1802ರಿಂದ.

ಪುಸ್ತಕಕ್ಕೆ ಒಂದು ಕೊರತೆಯೂ ಇತ್ತು. ಕುಲಲಕ್ಷಣಗಳನ್ನು ಹೇಳಿದ ಲಾತ್ರೇಯ್ ಬಹುಪಾಲು ಕುಲಗಳಡಿಯಲ್ಲಿ ಯಾವ ಪ್ರಭೇದವನ್ನೂ ಹೆಸರಿಸಲಿಲ್ಲ. ಆದ್ದರಿಂದ ಆತನ ಕುಲನಾಮಗಳು ನಿಖರವಾಗಿ ಯಾವ ಕೀಟಕ್ಕೆ ಸಲ್ಲುತ್ತವೆಂಬುದನ್ನು ಆಮೇಲಿನವರು ಕೆಲವೊಮ್ಮೆ ಬಹಳ ಶ್ರಮದಿಂದ ನಿರ್ಧರಿಸಬೇಕಾಯಿತು.

1797ರಲ್ಲಿ ಮತ್ತೊಮ್ಮೆ ಪಾದ್ರಿಗಳ ವಿರುದ್ಧ ಗಾಳಿ ಬೀಸಿದಾಗ ಲಾತ್ರೇಯ್‌ನನ್ನು ಗೃಹಬಂಧನದಲ್ಲಿಟ್ಟು ಪುಸ್ತಕಗಳನ್ನು ಮುಟ್ಟುಗೋಲು ಹಾಕಿಕೊಂಡರು. ಈ ಸಲ ಕ್ಯುವಿಯೆ, ಲಾಸೆಪೇದ್ ಮತ್ತು ಲಾಮಾರ್ಕ್ ಮೂವರೂ ಮಧ್ಯೆ ಪ್ರವೇಶಿಸಿದರು. ಮೂವರೂ ಪ್ಯಾರಿಸಿನ ರಾಷ್ಟ್ರೀಯ ಪ್ರಕೃತಿ ವಿಜ್ಞಾನ ಸಂಗ್ರಹಾಲಯದಲ್ಲಿ ಪೀಠಗಳನ್ನು ಹೊಂದಿದ್ದವರು.

ಅಣಬೆ ತಿನ್ನುವ ಜೀರುಂಡೆಗಳು

ಲಾತ್ರೇಯ್ ಹೆಸರಿಟ್ಟ ಜೀವಿಗಳಲ್ಲಿ ಅಣಬೆಗಳನ್ನು ಅವಲಂಬಿಸಿದ ಜೀರುಂಡೆಗಳು ವಿಶೇಷ ಗಮನಕ್ಕೆ ಅರ್ಹವಾಗಿವೆ. ಗಾತ್ರದಲ್ಲಿ ಅತಿ ಚಿಕ್ಕವಾದ, ಬೆಳೆಗೆ ಹಾನಿಯನ್ನಾಗಲಿ ಕಣ್ಣಿಗೆ ಹಬ್ಬವನ್ನಾಗಲಿ ತರದ ಇವುಗಳನ್ನು ಅಂದಿನ ಸಂಗ್ರಾಹಕರು ಅಷ್ಟಾಗಿ ಲೆಕ್ಕಿಸುತ್ತಿರಲಿಲ್ಲ. 1796ರ ಒಂದೇ ಪುಸ್ತಕದಲ್ಲಿ ಲಾತ್ರೇಯ್ ಇಂಥ ಮೂರು ಕುಲಗಳನ್ನು ಸ್ಥಾಪಿಸಿದ: ಸಿಸ್, ಡ್ಯಾಕ್ನಿ ಮತ್ತು ಲಿಯೋಡಿಸ್. 1807ರಲ್ಲಿ ಲೈಕೋಪರ್ಡೈನಾ ಸೇರಿತು; ಮುಟ್ಟಿದರೆ ಹೊಗೆಯಂತೆ ಬೀಜಕಣಗಳನ್ನು ಚಿಮ್ಮುವ ದುಂಡನೆಯ ಅಣಬೆಗಳೊಳಗೆ ವಾಸಿಸುವ ಜೀರುಂಡೆಗಳು ಇವು. ಲಿಯೋಡಿಸ್ ಕುಲದವು ನೆಲದಡಿಯ ಅಣಬೆಗಳನ್ನು ಹುಡುಕಿ ತಿನ್ನುತ್ತವೆ. ಅವುಗಳಲ್ಲೊಂದು ಪ್ರಭೇದ ಟ್ರಫಲ್ ಎಂಬ ಬೆಲೆಬಾಳುವ ಅಣಬೆಗೆ ಬೀಳುವ ಕೀಟವೆಂದೇ ಹೆಸರಾಗಿದೆ. ಟ್ರಫಲ್‌ಗೆ ಪ್ರಸಿದ್ಧವಾದ ಪೆರಿಗೋರ್ ಸೀಮೆ ಲಾತ್ರೇಯ್‌ನ ಹುಟ್ಟೂರಿನ ನೆರೆಯಲ್ಲೇ ಇದೆ.

ಇವುಗಳಲ್ಲಿ ಸಿಸ್ ಕುಲದ ಕಥೆ ಹೆಚ್ಚು ಸ್ವಾರಸ್ಯಕರ. ಇದರ ಮಾದರಿ ಪ್ರಭೇದವಾದ ಸಿಸ್ ಬೋಲೆಟೈ ಎಂಬ ಜೀರುಂಡೆಯನ್ನು ಸ್ಕೋಪೋಲಿ 1763ರಲ್ಲಿ ವರ್ಣಿಸಿದ್ದ. ಆದರೆ ಆತ ಅದನ್ನು ಸೇರಿಸಿದ್ದು ತೊಗಲು ತಿನ್ನುವ ಡರ್ಮೆಸ್ಟಿಸ್ ಕುಲಕ್ಕೆ. ಲಾತ್ರೇಯ್ ಅದು ಬೇರೆಯೇ ಗುಂಪೆಂದು ಗುರುತಿಸಿದ. ಈ ಕುಲ ಮತ್ತು ಇದರ ಸಂಬಂಧಿಗಳು ಸೇರಿ ಇಂದು ಸಿಯಿಡೀ ಕುಟುಂಬವಾಗಿವೆ. ಸುಮಾರು 650ಕ್ಕೂ ಹೆಚ್ಚು ಪ್ರಭೇದಗಳಿರುವ ಈ ಕುಟುಂಬದ ಸದಸ್ಯರು ಅರ್ಧ ಮಿಲಿಮೀಟರಿನಿಂದ ಏಳು ಮಿಲಿಮೀಟರಿನವರೆಗೆ ಉದ್ದವಿರುತ್ತವೆ. ಬಹುಪಾಲು ಎರಡು ಮೂರು ಮಿಲಿಮೀಟರನ್ನು ಮೀರುವುದಿಲ್ಲ. ಕಂದು ಅಥವಾ ಕಪ್ಪು ಬಣ್ಣದ ಉರುಳೆಯಾಕಾರದ ಮೈ. ಅನೇಕ ಪ್ರಭೇದಗಳ ಗಂಡುಗಳಿಗೆ ತಲೆಯ ಮೇಲೋ ಎದೆಯ ಮುಂಚಾಚಿನಲ್ಲೋ ಪುಟ್ಟ ಕೊಂಬುಗಳಿವೆ, ಕುರುವಾಯಿ ದುಂಬಿಯನ್ನು ಕುಗ್ಗಿಸಿ ಕಾಳಿನಷ್ಟು ಮಾಡಿದಂತೆ. ಸತ್ತ ಮರದ ಕಾಂಡದಿಂದ ಮೊರದ ಅಂಚಿನಂತೆ ಹೊರಚಾಚಿ ಬೆಳೆಯುವ ಗಟ್ಟಿ ಅಣಬೆಗಳೇ ಇವುಗಳ ಮನೆಯೂ ಆಹಾರವೂ. ಕರ್ನಾಟಕದ ತೆಂಗು ಅಡಿಕೆ ತೋಟಗಳಲ್ಲಿ ಅಣಬೆ ರೋಗ ತಗಲಿದ ಮರದ ಬುಡದಲ್ಲಿ ಮೂಡುವ ಗ್ಯಾನೋಡರ್ಮಾ ಈ ಬಗೆಯ ಗಟ್ಟಿ ಅಣಬೆ. ಆ ಕುಲದ ಅಣಬೆಗಳಲ್ಲಿಯೂ ಸಿಯಿಡೀ ಜೀರುಂಡೆಗಳು ವಾಸಿಸುತ್ತವೆ. ಹೆಣ್ಣು ಅಣಬೆಯಲ್ಲಿ ಸುರಂಗ ಕೊರೆದು ಮೊಟ್ಟೆಯಿಡುತ್ತದೆ. ಮರಿಹುಳು, ಕೋಶ, ಪ್ರೌಢ ಕೀಟ ಎಲ್ಲ ಅವಸ್ಥೆಗಳೂ ಅದರೊಳಗೇ ಕಳೆಯುತ್ತವೆ. ಒಂದೇ ಅಣಬೆಯಲ್ಲಿ ಪೀಳಿಗೆಯ ಮೇಲೆ ಪೀಳಿಗೆ ಬೆಳೆದು, ಕೊನೆಗೆ ಅಣಬೆ ಹೊರಗಿನ ಚಿಪ್ಪಷ್ಟೇ ಉಳಿದು ಒಳಗೆಲ್ಲ ಹಿಟ್ಟಾಗುತ್ತದೆ.

ಇಂಥ ಜೀರುಂಡೆಗಳನ್ನು ವರ್ಗೀಕರಿಸುವುದು ಲಾತ್ರೇಯ್‌ಗೆ ಸುಲಭವಾಗಿರಲಿಲ್ಲ. ಜೀರುಂಡೆಗಳ ಗಣವನ್ನು ಪಾದದ ಗೆಣ್ಣುಗಳ ಎಣಿಕೆಯಿಂದ ವಿಭಾಗಿಸುವ ಕ್ರಮವನ್ನು ಫ್ರಾನ್ಸಿನ ಜೋಫ್ರ್ವಾ, ಲಾತ್ರೇಯ್ ಹುಟ್ಟಿದ 1762ರಲ್ಲೇ, ಬಳಕೆಗೆ ತಂದಿದ್ದ. ಲಾತ್ರೇಯ್ ಆ ಕ್ರಮವನ್ನು ವಿಸ್ತರಿಸಿದ. ಎಲ್ಲ ಪಾದಗಳಲ್ಲಿ ಐದು ಗೆಣ್ಣುಗಳಿರುವವು ಒಂದು ವಿಭಾಗ. ಮುಂದಿನ ನಾಲ್ಕು ಪಾದಗಳಲ್ಲಿ ಐದೈದು, ಹಿಂದಿನ ಎರಡರಲ್ಲಿ ನಾಲ್ಕು ನಾಲ್ಕು ಇರುವವು ಇನ್ನೊಂದು. ನಾಲ್ಕು ಗೆಣ್ಣಿನವು, ಮೂರು ಗೆಣ್ಣಿನವು ಉಳಿದೆರಡು. ಲೆಕ್ಕ ಸರಳವಾಗಿ ತೋರುತ್ತದೆ. ಆದರೆ ಅಣಬೆಯ ಜೀರುಂಡೆಗಳು ಈ ಲೆಕ್ಕವನ್ನು ಎಲ್ಲ ಕಡೆಯಿಂದಲೂ ಕೆಡಿಸಿದವು. ಎರೋಟೈಲಿಡೀಗಳಲ್ಲಿ ಗೆಣ್ಣುಗಳು ಐದಿದ್ದರೂ ನಾಲ್ಕನೆಯದು ಬಹಳ ಸಣ್ಣದಾಗಿ ಹುದುಗಿಕೊಂಡಿರುವುದರಿಂದ ನಾಲ್ಕೇ ಕಾಣುತ್ತವೆ. ಎಂಡೊಮೈಕಿಡೀಗಳಲ್ಲಿ ನಾಲ್ಕಿದ್ದರೂ ಮೂರನೆಯದು ಅಡಗಿ ಮೂರೆಂದು ತೋರುತ್ತದೆ. ಮೈಸೆಟೊಫೇಜಿಡೀಗಳಲ್ಲಿ ಹೆಣ್ಣಿಗೆ ನಾಲ್ಕಾದರೆ ಗಂಡಿನ ಮುಂಗಾಲಿಗೆ ಮೂರು ಮಾತ್ರ. ಅಂದಿನ ಮಸೂರಗಳಲ್ಲಿ ಇಷ್ಟನ್ನೆಲ್ಲ ನೋಡುವುದು ಕಷ್ಟವೇ.

ಪರಿಣಾಮವಾಗಿ, ಕ್ಯುವಿಯೆಯ ಪ್ರಾಣಿಸಾಮ್ರಾಜ್ಯ ಗ್ರಂಥದಲ್ಲಿ ಅಣಬೆಯ ಜೀರುಂಡೆಗಳು ಚದರಿಹೋದವು. ಲೈಕೋಪರ್ಡೈನಾ ಮತ್ತು ಅದರ ಬಳಗವನ್ನು ಮೂರು ಗೆಣ್ಣಿನ ವಿಭಾಗದಲ್ಲಿ ಅಣಬೆವಾಸಿಗಳೆಂಬ ಅರ್ಥದ ಕುಟುಂಬವಾಗಿ ಇಡಲಾಯಿತು. ಎರೋಟೈಲಸ್ ಮತ್ತು ಟ್ರೈಪ್ಲಾಕ್ಸ್ ನಾಲ್ಕು ಗೆಣ್ಣಿನವುಗಳ ಜೊತೆ ಸೇರಿದವು. ಸಿಸ್ ಹೋಗಿ ಮರಕೊರಕಗಳ ನಡುವೆ ಕುಳಿತಿತು, ಏಕೆಂದರೆ ಅದರ ಉರುಳೆಯಾಕಾರವೂ ಸುರಂಗ ಕೊರೆಯುವ ಸ್ವಭಾವವೂ ತೊಗಟೆ ಕೊರಕಗಳನ್ನು ಹೋಲುತ್ತವೆ. ಇಂದು ಸಿಯಿಡೀಗಳ ನಿಜವಾದ ನೆಂಟರು ಟೆನೆಬ್ರಿಯೋನಿಡೀ ಮತ್ತು ಅದರ ಸುತ್ತಲಿನ ಕುಟುಂಬಗಳೆಂದು ತಿಳಿದಿದೆ. ತೊಗಟೆ ಕೊರಕಗಳೋ ಸೊಂಡಿಲು ಕೀಟಗಳ ಕಡೆಯವು. ಮೇಲುನೋಟದ ಹೋಲಿಕೆಗೆ ಮಾರುಹೋಗದ ಲಾತ್ರೇಯ್ ಈ ಪುಟ್ಟ ಜೀವಿಯ ವಿಷಯದಲ್ಲಿ ಮಾತ್ರ ಮೋಸಹೋದ ಎನ್ನಬಹುದು. ಆದರೆ ಕುಲವನ್ನು ಪ್ರತ್ಯೇಕಿಸಿದ ಆತನ ನಿರ್ಣಯ ಅಲುಗಾಡಲಿಲ್ಲ.

ಕುಟುಂಬದ ಹೆಸರಿನ ಹಕ್ಕು ಲಾತ್ರೇಯ್‌ಗೆ ಸಲ್ಲಲಿಲ್ಲ. ಬ್ರಿಟಿಷ್ ಮ್ಯೂಸಿಯಮ್ಮಿನ ವಿಲಿಯಂ ಎಲ್ಫರ್ಡ್ ಲೀಚ್ ಎಂಡೊಮೈಕಿಡೀ ಮತ್ತು ಮೈಸೆಟೊಫೇಜಿಡೀಗಳನ್ನು 1815ರಲ್ಲಿ ಹೆಸರಿಸಿದ; ಸಿಯಿಡೀ ಆತನ ಹೆಸರಿನಲ್ಲೇ 1819ರಲ್ಲಿ ಜಾರ್ಜ್ ಸ್ಯಾಮುಯೆಲ್‌ನ ಪುಸ್ತಕದಲ್ಲಿ ಪ್ರಕಟವಾಯಿತು. ಅಣಬೆಯ ಜೀರುಂಡೆಗಳ ಪೈಕಿ ದೊಡ್ಡ ಗಾತ್ರದ, ಬಣ್ಣಬಣ್ಣದ ಎರೋಟೈಲಿಡೀ ಕುಟುಂಬ ಮಾತ್ರ 1802ರಿಂದಲೂ ಲಾತ್ರೇಯ್‌ನದೇ. ಅದರಲ್ಲಿ ಸುಮಾರು 3,500 ಪ್ರಭೇದಗಳಿವೆ.

ಸಂಗ್ರಹಾಲಯದಲ್ಲಿ

1798ರಲ್ಲಿ ಲಾತ್ರೇಯ್ ಪ್ಯಾರಿಸಿನ ಸಂಗ್ರಹಾಲಯದಲ್ಲಿ ನೇಮಕಗೊಂಡ. ಕೀಟ ಮತ್ತು ಹುಳುಗಳ ಪೀಠದ ಪ್ರಾಧ್ಯಾಪಕನಾಗಿದ್ದ ಲಾಮಾರ್ಕನ ಕೈಕೆಳಗೆ ಸಂಧಿಪದಿಗಳ ಸಂಗ್ರಹವನ್ನು ಜೋಡಿಸಿಡುವುದು ಕೆಲಸ. ನೆಪೋಲಿಯನ್ನನ ಕಾಲದ ದಂಡಯಾತ್ರೆಗಳಿಂದ, ನೌಕಾಯಾನಗಳಿಂದ ಬಂದು ಬೀಳುತ್ತಿದ್ದ ಮಾದರಿಗಳ ರಾಶಿ ದಿನದಿನಕ್ಕೆ ಬೆಳೆಯುತ್ತಿತ್ತು. ಮೂರು ದಶಕಗಳಿಗೂ ಹೆಚ್ಚು ಕಾಲ ಈತ ಆ ರಾಶಿಯ ನಡುವೆಯೇ ದುಡಿದ. ಕೆಲಕಾಲ ಪ್ಯಾರಿಸಿನ ಹತ್ತಿರದ ಆಲ್ಫೋರ್ ಪಶುವೈದ್ಯ ಶಾಲೆಯಲ್ಲಿ ಪ್ರಾಣಿಶಾಸ್ತ್ರವನ್ನೂ ಬೋಧಿಸಿದ.

ಗ್ರಂಥಗಳು ಒಂದರ ಹಿಂದೆ ಒಂದು ಬಂದವು. 1798ರಲ್ಲಿ ಫ್ರಾನ್ಸಿನ ಇರುವೆಗಳ ಬಗೆಗೆ, 1800ರಲ್ಲಿ ಸ್ಯಾಲಮ್ಯಾಂಡರ್‌ಗಳ ಬಗೆಗೆ, 1802ರಲ್ಲಿ ಮತ್ತೆ ಇರುವೆಗಳ ಬಗೆಗೆ ವಿಸ್ತಾರವಾಗಿ ಬರೆದ. ಬ್ಯುಫೋನನ ಪ್ರಕೃತಿ ಚರಿತ್ರೆಯ ಹೊಸ ಆವೃತ್ತಿಗಾಗಿ ಏಡಿ ಮತ್ತು ಕೀಟಗಳ ಚರಿತ್ರೆಯನ್ನು 14 ಸಂಪುಟಗಳಲ್ಲಿ (1802–1805) ರಚಿಸಿದ. ಲ್ಯಾಟಿನ್ ಭಾಷೆಯಲ್ಲಿರುವ ನಾಲ್ಕು ಸಂಪುಟಗಳ ಜೆನೆರಾ (1806–1809) ಈತನ ಅತ್ಯುತ್ತಮ ಕೃತಿಯೆಂದು ಪರಿಗಣಿತವಾಗಿದೆ. ಕ್ಯುವಿಯೆಯ ಪ್ರಾಣಿಸಾಮ್ರಾಜ್ಯ (1817) ಗ್ರಂಥದಲ್ಲಿ ಸಂಧಿಪದಿಗಳ ಸಂಪುಟ ಪೂರ್ತಿಯಾಗಿ ಲಾತ್ರೇಯ್‌ನ ಲೇಖನಿಯಿಂದ ಬಂದದ್ದು. ವಿಶ್ವಕೋಶಗಳಿಗೆ ಬರೆದ ನೂರಾರು ಲೇಖನಗಳು ಬೇರೆ.

ಈತನ ಕೈಯಲ್ಲಿ ಹೆಸರು ಪಡೆದ ಗಣಗಳಲ್ಲಿ ಚಿಗಟಗಳ ಗಣವೂ ಹತ್ತು ಕಾಲಿನ ಏಡಿ ಸೀಗಡಿಗಳ ಗಣವೂ ಸೇರಿವೆ. ಕನ್ನಡ ಕಾವ್ಯದಲ್ಲಿ ಹೂವಿನ ಜೊತೆ ಬರುವ ಕಪ್ಪು ದುಂಬಿ ಜೀರುಂಡೆಯಲ್ಲ, ಮರ ಕೊರೆದು ಗೂಡು ಮಾಡುವ ಜೇನಿನ ಜಾತಿಯದು. ಅದರ ಕುಲನಾಮವಾದ ಕ್ಸೈಲೋಕೋಪಾ ಕೂಡ 1802ರಲ್ಲಿ ಲಾತ್ರೇಯ್ ಕೊಟ್ಟದ್ದು.

1814ರಲ್ಲಿ ಒಲಿವಿಯೆ ತೀರಿಕೊಂಡಾಗ ಆತನ ಸ್ಥಾನದಲ್ಲಿ ಲಾತ್ರೇಯ್ ಫ್ರೆಂಚ್ ವಿಜ್ಞಾನ ಅಕಾಡೆಮಿಯ ಸದಸ್ಯನಾದ. 1821ರಲ್ಲಿ ಲೀಜನ್ ಆಫ್ ಆನರ್ ಪ್ರಶಸ್ತಿ ಬಂತು. ಆದರೆ ಸಂಗ್ರಹಾಲಯದಲ್ಲಿ ಮಾತ್ರ ಬಡ್ತಿಯಿಲ್ಲ. ಲಾಮಾರ್ಕನ ದೃಷ್ಟಿ ಕುಂದುತ್ತ ಬಂದು ಪೂರ್ತಿ ಕುರುಡನಾದಾಗ ಆತನ ಪಾಠಪ್ರವಚನಗಳ ಹೊರೆಯೂ ಲಾತ್ರೇಯ್‌ನ ಮೇಲೆ ಬಿತ್ತು. ಪೀಠ ಲಾಮಾರ್ಕನದೇ ಆಗಿ ಉಳಿಯಿತು. 1829ರ ಡಿಸೆಂಬರ್ 18ರಂದು ಲಾಮಾರ್ಕ್ ನಿಧನನಾದ ಮೇಲೆ ಪೀಠವನ್ನು ಎರಡಾಗಿ ಒಡೆದು, ಮೃದ್ವಂಗಿ ಮತ್ತು ಹುಳುಗಳ ಭಾಗವನ್ನು ಬ್ಲಾಂವಿಲ್‌ಗೂ ಕೀಟ, ಜೇಡ, ಏಡಿಗಳ ಭಾಗವನ್ನು ಲಾತ್ರೇಯ್‌ಗೂ ಕೊಡಲಾಯಿತು. ಆಗ ಈತನ ವಯಸ್ಸು 67. ಕಡಲೆಯಿದ್ದಾಗ ಹಲ್ಲಿಲ್ಲವೆಂಬ ನಮ್ಮ ಗಾದೆಯ ಅರ್ಥದ ಮಾತನ್ನೇ ಲಾತ್ರೇಯ್ ಈ ನೇಮಕದ ಬಗ್ಗೆ ಆಡಿದನೆನ್ನುತ್ತಾರೆ.

ಕೊನೆಯ ವರ್ಷಗಳು

ಪ್ರಾಧ್ಯಾಪಕನಾದ ವರ್ಷವೇ, 1830ರ ಮೇ ತಿಂಗಳಲ್ಲಿ, ಪತ್ನಿ ತೀರಿಕೊಂಡಳು. ಬ್ರಹ್ಮಚರ್ಯದ ವ್ರತದಿಂದ ಬಿಡುಗಡೆ ಕೋರಿ ಚರ್ಚಿನ ಅನುಮತಿ ಪಡೆದು ಲಾತ್ರೇಯ್ ವಿವಾಹವಾಗಿದ್ದ. ಮಕ್ಕಳಿರಲಿಲ್ಲ, ದತ್ತು ತೆಗೆದುಕೊಂಡ ಸೋದರ ಸಂಬಂಧದ ಮಗಳೊಬ್ಬಳು ಜೊತೆಗಿದ್ದಳು. ತನ್ನ ಬೋಧನೆಯ ಸಾರವನ್ನು 1831ರಲ್ಲಿ ಕೀಟವಿಜ್ಞಾನದ ಪಾಠಗಳ ಗ್ರಂಥವಾಗಿ ಪ್ರಕಟಿಸಿದ. 1832ರ ಫೆಬ್ರವರಿ 29ರಂದು ಫ್ರಾನ್ಸಿನ ಕೀಟವಿಜ್ಞಾನ ಸಂಘ ಸ್ಥಾಪನೆಯಾದಾಗ ಈತನನ್ನು ಗೌರವಾಧ್ಯಕ್ಷನನ್ನಾಗಿ ಆರಿಸಲಾಯಿತು.

ಆ ವಸಂತದಲ್ಲಿ ಪ್ಯಾರಿಸಿಗೆ ಕಾಲರಾ ಹೊಕ್ಕಿತು. ಏಪ್ರಿಲ್ 10ರಂದು ಹುದ್ದೆಗೆ ರಾಜೀನಾಮೆಯಿತ್ತು ಲಾತ್ರೇಯ್ ಹಳ್ಳಿಗೆ ಹೋದ. ನವೆಂಬರಿನಲ್ಲಿ ಹಿಂತಿರುಗಿದಾಗ ಪಿಡುಗು ಇಳಿದಿತ್ತು, ಕ್ಯುವಿಯೆ ತೀರಿಕೊಂಡು ಆರು ತಿಂಗಳಾಗಿತ್ತು. 1833ರ ಫೆಬ್ರವರಿ 6ರಂದು ಮೂತ್ರಕೋಶದ ರೋಗದಿಂದ ಲಾತ್ರೇಯ್ ನಿಧನನಾದ. ಪೀಠ ವಿಕ್ತರ್ ಓದುವಾಂಗೆ ಹೋಯಿತು.

ಪ್ಯಾರಿಸಿನ ಪೇರ್ ಲಾಶೇಸ್ ಸ್ಮಶಾನದಲ್ಲಿರುವ ಸಮಾಧಿಯ ಮೇಲೆ ಕೀಟವಿಜ್ಞಾನ ಸಂಘದವರು ಚಂದಾ ಎತ್ತಿ ಒಂಬತ್ತು ಅಡಿ ಎತ್ತರದ ಶಿಲಾಸ್ತಂಭವನ್ನು ನಿಲ್ಲಿಸಿದರು. ಅದರ ಮೇಲಿನ ಲ್ಯಾಟಿನ್ ಬರೆಹಗಳಲ್ಲೊಂದು ನೆಕ್ರೋಬಿಯಾ ರೂಫಿಕಾಲಿಸನ್ನು ಲಾತ್ರೇಯ್‌ನ ರಕ್ಷಕನೆಂದು ಸ್ಮರಿಸುತ್ತದೆ. ಮನುಷ್ಯನ ಸಮಾಧಿಯ ಮೇಲೆ ಶವಭಕ್ಷಕ ಕೀಟಕ್ಕೆ ಇಂಥ ಗೌರವ ಸಂದ ಉದಾಹರಣೆ ಬಹುಶಃ ಬೇರೆಲ್ಲೂ ದೊರೆಯದು.

ಮಾದರಿ ಪ್ರಭೇದಗಳು

1796ರ ಪುಸ್ತಕದ ಕೊರತೆಯನ್ನು ಲಾತ್ರೇಯ್ 1810ರಲ್ಲಿ ಬಹುಮಟ್ಟಿಗೆ ತುಂಬಿಕೊಟ್ಟಿದ್ದ. ಆ ವರ್ಷ ಪ್ರಕಟವಾದ ಕನ್ಸಿದೆರಾಸ್ಯೋಂ ಎಂಬ ಗ್ರಂಥದ ಕೊನೆಯಲ್ಲಿ ಕುಲಗಳ ಕೋಷ್ಟಕವೊಂದಿದೆ. ಪ್ರತಿಯೊಂದು ಕುಲದೆದುರು ಅದಕ್ಕೆ ಮಾದರಿಯಾಗುವ ಪ್ರಭೇದವನ್ನು ಸೂಚಿಸಲಾಗಿದೆ. ಕುಲವನ್ನು ಮುಂದೆ ಯಾರೇ ಒಡೆದರೂ ಮೂಲ ಹೆಸರು ಈ ಮಾದರಿ ಪ್ರಭೇದದ ಜೊತೆಗೇ ಉಳಿಯಬೇಕೆಂಬುದು ಇಂದಿನ ನಾಮಕರಣ ನಿಯಮ. ಕೀಟವಿಜ್ಞಾನದಲ್ಲಿ ಮಾದರಿಗಳನ್ನು ಇಷ್ಟು ವ್ಯಾಪಕವಾಗಿ ಗೊತ್ತುಪಡಿಸಿದ ಮೊದಲಿಗರಲ್ಲಿ ಲಾತ್ರೇಯ್ ಒಬ್ಬ. ಆತ ಬಳಸಿದ ಪದದ ಅರ್ಥ ಇಂದಿನ ಅರ್ಥವೇ ಹೌದೇ ಎಂಬ ವಾದ ಬಹುಕಾಲ ನಡೆದು, ಪ್ರಾಣಿನಾಮಗಳ ಅಂತರರಾಷ್ಟ್ರೀಯ ಆಯೋಗ 1910ರಲ್ಲಿ ತನ್ನ 11ನೆಯ ಅಭಿಪ್ರಾಯದಲ್ಲಿ ಆ ಕೋಷ್ಟಕದ ಸೂಚನೆಗಳನ್ನು ಮಾನ್ಯ ಮಾಡಿತು. ಈ ಅಭಿಪ್ರಾಯದ ಅನ್ವಯವನ್ನು ವಿವರಿಸಲು ಆಯೋಗ 1939ರಲ್ಲಿ ಮತ್ತೊಂದು ಅಭಿಪ್ರಾಯವನ್ನು ಹೊರಡಿಸಬೇಕಾಯಿತು.